ಮಸಿನಗುಡಿಯವನ ಬ್ರೇಕು

ಜಗದೀಶನ ಕಾರಿನ ಬ್ರೇಕಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಜಗದೀಶನಿಗೇ. ಆದರೂ ಅವತ್ತು ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತಿ ಊಟಿಗೆ ಬಂದವನು, ಸೆಲ್ವಕುಮಾರನ ಗ್ಯಾರೇಜಿನ ಮುಂದೆ ಟ್ಯಾಕ್ಸಿ ನಿಲ್ಲಿಸಿ ಎಂದಿನ ಸುಳ್ಳನ್ನೇ ಹೇಳಿದ.

"ಬ್ರೇಕ್ ಒತ್ತಿದ್ರೆ ಸ್ಟೇರಿಂಗ್ ನಡುಗತ್ತೆ."

ಸೆಲ್ವಕುಮಾರ್ ಮುಂದಿನ ಚಕ್ರಗಳನ್ನು ಬಿಚ್ಚಿ, ಎರಡೂ ಡಿಸ್ಕ್ ಕಳಚಿ ನೆಲಕ್ಕಿಟ್ಟ. "ಅಯ್ಯೋ ಕಡವುಳೇ! ವರ್ಷದಲ್ಲಿ ಎಷ್ಟು ಸಲ ಸಾರ್ ಲೇತ್‌ಗೆ ಹಾಕ್ಸೋದು? ಕಡೆದಾಗೆಲ್ಲ ಒಂದು ಪದರ ಹೋಗತ್ತೆ. ಇನ್ನೂ ಕಡೆಸಿದ್ರೆ ಅಪ್ಪಳ ಆಗತ್ತೆ. ಸುಮ್ನೆ ಹೊಸದು ಹಾಕ್ಸಿ."

ಹೊಸ ಡಿಸ್ಕ್ ಹಾಕಿಸಿದರೆ ವರ್ಷಗಟ್ಟಲೆ ನೆಮ್ಮದಿ. ಜಗದೀಶನಿಗೆ ಇಷ್ಟು ದಿನ ಬೇಡವಾಗಿದ್ದು ಆ ನೆಮ್ಮದಿಯೇ. ಪಕ್ಕದ ಲೇತ್ ಅಂಗಡಿಗೆ ಹೋಗಲು ಅವನಿಗೆ ಬೇರೆ ನೆಪವೇ ಇರಲಿಲ್ಲ.

ಲೇತ್ ನಡೆಸುತ್ತಿದ್ದವಳು ನಿವೇತಾ, ಊಟಿ ಹತ್ತಿರದ ಸೋಲೂರಿನವಳು, ನೀಲಗಿರಿಯ ಬಡಗರ ಹುಡುಗಿ. ಅಪ್ಪ ಭೀಮನಿಗೆ ಮಂಡಿ ನೋವು ಬಂದ ಮೇಲೆ ಅಂಗಡಿ ಅವಳದಾಗಿತ್ತು. ಹೋದ ವರ್ಷ ಡಿಸ್ಕಿಗೆ ನಿಜವಾಗಿಯೂ ಕಲ್ಲು ಸಿಕ್ಕಿ ಗೀರು ಬಿದ್ದಾಗ ಜಗದೀಶ ಮೊದಲ ಸಲ ಅಲ್ಲಿಗೆ ಹೋಗಿದ್ದ. ಅವಳು ಡಿಸ್ಕನ್ನು ಬೆಳಕಿಗೆ ಹಿಡಿದು, "ಕಾದು ನೀಲಿಗಟ್ಟಿಲ್ಲ. ಘಾಟಿ ಇಳಿಯೋಕೆ ಗೇರ್ ಇದೆ ಅಂತ ಗೊತ್ತಿರೋ ಡ್ರೈವರ್ ನೀವೊಬ್ರೇ ಇರಬೇಕು" ಎಂದು ನಕ್ಕಿದ್ದಳು. ನಗುವಾಗ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅಷ್ಟೇ, ಮನುಷ್ಯ ಕೆಟ್ಟ.

ಅಂದಿನಿಂದ ಚೆನ್ನಾಗಿದ್ದ ಡಿಸ್ಕನ್ನೇ ಮತ್ತೆ ಮತ್ತೆ ಕಡೆಯಲು ತರುತ್ತಿದ್ದ. ಕೂಲಿ ಎಷ್ಟೆಂದು ಕೇಳಿದರೆ, "ಇಲ್ಲಿ ಬೆಟ್ಟದ ಮೇಲೆ ಹುಣಸೆ ಬೆಳೆಯಲ್ಲ. ಬರುವಾಗ ಹಣ್ಣು ತನ್ನಿ, ಸಾಕು" ಎನ್ನುತ್ತಿದ್ದಳು. ಅವನು ಚೀಲ ತುಂಬ ತರುತ್ತಿದ್ದ.

ಆದರೆ ಕಳೆದ ವಾರ ಘಾಟಿ ಇಳಿಯುವಾಗ, ದಿನಾ ಅವನ ಕಾರಿನಲ್ಲೇ ಓಡಾಡುವ ಟೀಚರಮ್ಮ, "ಬ್ರೇಕ್ ಚೆನ್ನಾಗಿದೆ ತಾನೇ ಜಗದೀಶಪ್ಪಾ?" ಎಂದು ಸುಮ್ಮನೆ ಕೇಳಿಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಇವನಿಗೆ. ತನ್ನ ಹುಚ್ಚಿಗೆ ನಂಬಿ ಕೂತವರ ಜೀವ ಒತ್ತೆ ಇಟ್ಟೆನಲ್ಲ ಎಂದು ಆ ದಿನ ಊಟ ಸೇರಲಿಲ್ಲ. ಹೊಸ ಡಿಸ್ಕ್ ಹಾಕಿಸಲೇಬೇಕು, ಅವಳಿಗೆ ಹೇಳಲೂಬೇಕು ಎಂದು ನಿರ್ಧರಿಸಿದ್ದ. ಹೇಳದೆ ಹಾಕಿಸಿದರೆ ಇನ್ನು ಅವಳನ್ನು ನೋಡುವುದು ಯಾವ ಜನ್ಮಕ್ಕೋ. ಅದಕ್ಕೇ ಇವತ್ತು ಕೊನೆಯ ಸಲ ಆ ಹಳೇ ಸುಳ್ಳು.

ಡಿಸ್ಕ್ ಎತ್ತಿಕೊಂಡು ಲೇತ್ ಅಂಗಡಿಯ ಮೆಟ್ಟಿಲು ಹತ್ತಿದ.

"ಬಂತಾ ಮಸಿನಗುಡಿ?" ಎಂದಳು ನಿವೇತಾ. ಬಂದ ಗಿರಾಕಿಗೆಲ್ಲ ಬಾಯ್ತುಂಬ 'ಅಣ್ಣಾ' ಎನ್ನುವವಳು ಇವನಿಗೆ ಮಾತ್ರ ಊರಿನ ಹೆಸರನ್ನೇ ಇಟ್ಟಿದ್ದಳು. ಅಷ್ಟು ಮರ್ಯಾದೆಗೂ ತಾನು ಲಾಯಕ್ಕಿಲ್ಲವೇನೋ ಎಂದು ಅವನಿಗೆ ಒಳಗೊಳಗೇ ಬೇಜಾರು.

"ಇಲ್ಲಿಡಿ. ಮಿಷನ್ ಓಡುವಾಗ ಕಣ್ಣಿಗೆ ಚೂರು ಬೀಳತ್ತೆ. ಹೋಗಿ ಟೀ ತನ್ನಿ." ಇದೂ ಪ್ರತಿ ಸಲದ ಮಾತು.

"ಇವತ್ತು ಟೀ ಬೇಡ. ಕಡೆಯೋದೂ ಬೇಡ."

ಅವಳು ಕೈ ಒರೆಸಿಕೊಳ್ಳುತ್ತಾ ನೋಡಿದಳು.

"ಬ್ರೇಕ್ ನಡುಗಲ್ಲ," ಎಂದ ಜಗದೀಶ. "ಯಾವತ್ತೂ ನಡುಗಿಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ. ಚೆನ್ನಾಗಿರೋ ಡಿಸ್ಕನ್ನ ನಾನೇ ಸವೆಸಿ ಹಾಳು ಮಾಡ್ದೆ. ಹೊಸದು ಹಾಕಿಸ್ತೀನಿ. ಆಮೇಲೆ ಬರೋಕೆ ನೆಪ ಇರಲ್ಲ, ಅದಕ್ಕೆ ಈಗಲೇ ಹೇಳ್ತಿದ್ದೀನಿ. ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ."

ನಿವೇತಾ ದಪ್ಪ ಅಳೆಯುವ ವರ್ನಿಯರ್ ತೆಗೆದು ಡಿಸ್ಕಿಗೆ ಕಚ್ಚಿಸಿ ಅವನ ಮುಂದೆ ಹಿಡಿದಳು.

"ಇದನ್ನ ಓದಿ. ಈಗ ಡಿಸ್ಕಿನ ಅಂಚಲ್ಲಿ ಕಂಪನಿಯವರು ಕೊರೆದಿರೋದನ್ನ ಓದಿ. ಅದಕ್ಕಿಂತ ತೆಳ್ಳಗಾದ್ರೆ ಬಿಸಾಡಬೇಕು."

ಅವನು ಓದಿದ. ಇನ್ನೊಮ್ಮೆ ಓದಿದ. ಡಿಸ್ಕ್ ದಪ್ಪಗೇ ಇತ್ತು. ಬಿಸಾಡುವ ಮಾತು ಇನ್ನೂ ಎಷ್ಟೋ ದೂರ.

"ಇದು ಹೆಂಗೆ?"

"ಕಡೆದಿದ್ರೆ ತಾನೇ ಸವೆಯೋಕೆ?" ಅವಳು ಡ್ರಾಯರಿನಿಂದ ಉಜ್ಜಿ ಉಜ್ಜಿ ನುಣುಪಾಗಿದ್ದ ಎಮರಿ ಪೇಪರಿನ ತುಂಡು ತೆಗೆದಳು. "ಮೊದಲನೇ ಸಲ ಗೀರು ಹೋಗೋಷ್ಟು ಕಡೆದೆ, ನಿಜ. ಆಮೇಲೆ ನಿಮ್ಮನ್ನ ಟೀಗೆ ಕಳ್ಸೋದು, ಇದ್ರಲ್ಲಿ ಎರಡು ಸಲ ಉಜ್ಜಿ ಹೊಳಪು ಬರಿಸೋದು. ಎರಡನೇ ಗೇರಲ್ಲಿ ಘಾಟಿ ಇಳಿಯೋರ ಡಿಸ್ಕ್ ಹಿಂಗೆ ಪದೇ ಪದೇ ಹಾಳಾಗತ್ತೆ ಅಂದ್ರೆ ನಂಬೋಕೆ ನಾನೇನು ಎಳೇ ಮಗುನಾ? ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ?"

ಟೀಚರಮ್ಮನ ಜೀವಕ್ಕೆ ಅಪಾಯವೇ ಇರಲಿಲ್ಲವಲ್ಲ ಎಂದು ಅವನಿಗೆ ಮೊದಲು ಉಸಿರು ಬಂತು. ಆಮೇಲೆ ನಾಚಿಕೆಯಾಯಿತು.

"ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬರೋದು ನಿಲ್ಲಿಸ್ತಿದ್ರಿ." ಅವಳು ಲೇತಿನ ಮೇಲೆ ಇಲ್ಲದ ಧೂಳನ್ನು ಒರೆಸಿದಳು. ಮಫ್ಲರಿನ ಅಂಚಲ್ಲಿ ಕಿವಿ ಕೆಂಪಾಗಿತ್ತು. "ಒಂದು ದಿನಾನಾದ್ರೂ ನಿಮ್ಮನ್ನ ಅಣ್ಣ ಅಂದಿದ್ದೀನಾ?"

ಜಗದೀಶನಿಗೆ ಕುಣಿಯಬೇಕೆನಿಸಿತು. ಜಾಗವಿರಲಿಲ್ಲ, ಸುತ್ತ ಕಬ್ಬಿಣ. ಸುಮ್ಮನೆ ನಿಂತು ಹಲ್ಲುಬಿಟ್ಟ.

"ನಗಬೇಡಿ. ಅಪ್ಪ ಒಪ್ಪಲ್ಲ," ಎಂದಳು ಅವಳು. "ನಮ್ಮ ಬಡಗರ ಹಟ್ಟಿಗಳಲ್ಲಿ ಹೊರಗಿನೋರಿಗೆ ಹೆಣ್ಣು ಕೊಡೋದಿಲ್ಲ. ಮೊದಲ ಸಲ ಮನೆಗೆ ಬಂದ್ರೆ ಟೀ ಕೊಟ್ಟು ಬರೀ ಕೈಲಿ ಕಳಿಸ್ತಾರೆ. ಎರಡನೇ ಸಲಾನೂ ಹಂಗೇ. ನೀವು ಬರೋದು ಬಿಡಬೇಡಿ. ನಾನು ಬೇರೆ ಯಾರಿಗೂ ಹ್ಞೂಂ ಅನ್ನಲ್ಲ."

"ಈ ಭಾನುವಾರಾನೇ ಬರ್ತೀನಿ. ಹುಣಸೆಹಣ್ಣು ತರ್ಲಾ?"

"ಅಯ್ಯೋ ಬೇಡಪ್ಪಾ! ಇರೋದನ್ನೇ ಅಮ್ಮ ಹಟ್ಟಿಗೆಲ್ಲ ಹಂಚ್ತಿದ್ದಾರೆ."

ಹೊರಗಿನಿಂದ ಸೆಲ್ವಕುಮಾರ್ ಕೂಗಿದ: "ಏನಮ್ಮಾ, ಕಡೆಯೋದಾ, ಹೊಸದು ಹಾಕೋದಾ?"

"ಎರಡೂ ಬೇಡ ಅಣ್ಣಾ! ಇದ್ದಿದ್ದನ್ನೇ ಹಾಕಿ!"

ಡಿಸ್ಕ್ ಎತ್ತಿಕೊಂಡು ಹೊರಟವನನ್ನು ಅವಳೇ ತಡೆದಳು. "ಭಾನುವಾರ ಕಾರ್ ತರಬೇಡಿ."

"ಯಾಕೆ?"

"ಕಾರ್ ಕಂಡ್ರೆ ಅಪ್ಪ ಬ್ರೇಕ್ ಹೆಂಗಿದೆ ಅಂತಾರೆ. ನೀವು ಅದನ್ನೇ ತೋರಿಸೋಕೆ ಬಂದೆ ಅಂದ್ಬಿಡ್ತೀರಿ, ನಿಮಗೆ ಅಭ್ಯಾಸ ಆಗಿದೆ. ಬಸ್ಸಲ್ಲಿ ಬನ್ನಿ. ನನ್ನನ್ನ ಕೇಳೋಕೆ ಬಂದೆ ಅನ್ನಿ."

ಕಾರು ಕೊಂಡ ಮೇಲೆ ಬಸ್ಸಿನ ಮೆಟ್ಟಿಲು ತುಳಿಯದ ಜಗದೀಶ, ಸೋಲೂರು ಬಸ್ಸು ಊಟಿಯಿಂದ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೇಳಿದ. ಅವಳು ಹೇಳಿದಳು. ಅವನು ಮರೆತಾನೆಂದು ಇನ್ನೊಂದು ಸಲವೂ ಹೇಳಿದಳು.