ಮಧ್ಯಾಹ್ನ ಒಂದರ ಕಾಮೆಂಟ್ರಿ

"ಬೇಡ ಕಣೇ... ಆ ಬಾಗಿಲು ತೆಗೀಬೇಡ! ಒಳಗೆ ಅವಳಿದಾಳೆ!"

ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ. ಡಯಾಲಿಸಿಸ್ ವಾರ್ಡಿನ ನಾಲ್ಕು ಯಂತ್ರಗಳ ನಡುವೆ ನಿಂತು ಗೋಡೆಯ ಟೀವಿಗೆ ಹೀಗೆ ಬುದ್ಧಿ ಹೇಳುತ್ತಿದ್ದವಳು ಆ ವಾರ್ಡಿನ ಟೆಕ್ನಿಷಿಯನ್. ಒಂದು ಕೈ ರಕ್ತದ ಕೊಳವೆಯ ಮೇಲೆ, ಒಂದು ಕಣ್ಣು ಯಂತ್ರದ ಅಂಕಿಗಳ ಮೇಲೆ. ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪುವವಳಲ್ಲ. ಬಾಯಿ ಮಾತ್ರ 'ಬಾಡಿಗೆ ಬೆಳದಿಂಗಳು' ಧಾರಾವಾಹಿಗೆ ಬರೆದುಕೊಟ್ಟದ್ದು. ರೋಗಿಗಳು ಅವಳಿಗೆ ಇಟ್ಟ ಹೆಸರೇ ಕಾಮೆಂಟ್ರಿ.

"ಏನಾಯ್ತಮ್ಮಾ, ತೆಗೆದ್ಲಾ?" ಒಂದನೇ ಹಾಸಿಗೆಯ ಮೇಷ್ಟ್ರು ಕೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮನುಷ್ಯ.

"ತೆಗೆದೇಬಿಟ್ಲು ಮೇಷ್ಟ್ರೇ... ಚಿಕ್ಕತ್ತೆ ಕೈಲಿ ಕಾಗದ. ನಾಯಕ ನಾಯಕಿಗೆ ಬರೆದ ಅದೇ ಕಾಗದ! ಒಲೆ ಹತ್ರ ಹೋಗ್ತಿದಾಳೆ... ಅಯ್ಯೋ ಪಾಪಿ, ಸುಡಬೇಡ ಕಣೇ!"

ಮೇಷ್ಟ್ರು ಆವೇಶದಲ್ಲಿ ಸೂಜಿ ಚುಚ್ಚಿದ್ದ ಕೈಯನ್ನೇ ಮಡಚಿದರು. ಯಂತ್ರ ಕೀ ಕೀ ಎಂದು ಅರಚಿಕೊಂಡಿತು. ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಒಬ್ಬ ಎತ್ತರದ ಆಳು ಒಳಗೆ ಬಂದ. ತೋಳಿನ ಮೇಲೆ ಗ್ರೀಸಿನ ಕಲೆ, ಹೆಗಲಲ್ಲಿ ಸಲಕರಣೆಯ ಚೀಲ, ಹುಬ್ಬಿನಲ್ಲಿ ಗಂಟು.

"ಇದು ಆಸ್ಪತ್ರೆನೋ, ಸಿನಿಮಾ ಟಾಕೀಸೋ?" ಎಂದವನೇ ಕೈ ಚಾಚಿ ಟೀವಿ ಆರಿಸಿಬಿಟ್ಟ. "ನಿಮ್ಮ ಕಿರುಚಾಟಕ್ಕೆ ನಮ್ಮಪ್ಪನ ಬಿ.ಪಿ. ಏರಿದೆ. ಗೊತ್ತಾಗ್ತಿದೆಯಾ?"

ಅವಳು ಮೊದಲು ಮೇಷ್ಟ್ರ ಕೈ ನೇರ ಮಾಡಿದಳು. ಅಲಾರಾಂ ನಿಂತಿತು. ಆಮೇಲೆ ತಿರುಗಿದಳು.

"ಬಿ.ಪಿ. ನೂರಮೂವತ್ತು. ಏರಿಲ್ಲ. ಕೈ ಮಡಚಿದ್ರು, ಕೊಳವೆ ಬಿಗಿಯಾಯ್ತು, ಯಂತ್ರ ಕೂಗ್ತು. ಗೊತ್ತಿಲ್ದೇ ಇರೋದನ್ನ ಕೇಳಿ ತಿಳ್ಕೋಬೇಕು, ಬಂದು ಸ್ವಿಚ್ಚಿಗೆ ಕೈ ಹಾಕಬಾರದು."

"ಯಾರೋ ಅದು, ನನ್ನ ಮಗನಾ?" ಮೇಷ್ಟ್ರು ಗುಡುಗಿದರು. "ಹಾಕೋ ಟೀವಿನ. ನನಗೆ ಅದರಲ್ಲಿ ಬರೀ ಬಣ್ಣ ಅಲ್ಲಾಡೋದು ಕಾಣುತ್ತೆ. ಈ ಹುಡುಗಿ ಬಾಯಿ ಬಿಟ್ರೇ ನನಗೆ ಕಥೆ."

ಮಗನ ಕೈ ಅಲ್ಲೇ ನಿಂತಿತು. ಅಪ್ಪನ ಕಣ್ಣು ಅಷ್ಟು ಮಂಜಾಗಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಪ್ಪನೂ ಹೇಳಿರಲಿಲ್ಲ. ಅವನು ಟೀವಿ ಹಾಕಿದ, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತ.

"ಶುರು ಮಾಡಿ," ಎಂದ ಮೆಲ್ಲಗೆ. "ಸುಟ್ಲಾ ಇಲ್ವಾ?"

ಅವಳಿಗೆ ಸಿಟ್ಟು ಇಳಿದಿರಲಿಲ್ಲ. ಆದರೂ ಟೀವಿಯ ಕಡೆ ತಿರುಗಿ, ಮೊದಲಿಗಿಂತ ಮೆತ್ತಗೆ ಕಥೆ ಮುಂದುವರಿಸಿದಳು.

ಮೇಷ್ಟ್ರು ಬರುತ್ತಿದ್ದುದು ಸೋಮವಾರ, ಬುಧವಾರ, ಶುಕ್ರವಾರ. ಧಾರಾವಾಹಿಗೆ ಭಾನುವಾರ ಬಿಟ್ಟರೆ ರಜೆಯಿಲ್ಲ. "ಉಳಿದ ಮೂರು ದಿನ ಮನೇಲಿ ಉಪ್ಪಿಲ್ಲದ ಊಟ ಆಗಿದೆಯಮ್ಮ" ಎಂದು ಅವರು ಗೊಣಗಿದಾಗ ಅವಳಿಗೇ ಉಪಾಯ ಹೊಳೆಯಿತು. ಆ ದಿನಗಳಲ್ಲಿ ಎಪಿಸೋಡ್ ಮುಗಿದ ಕೂಡಲೇ ಫೋನಿನಲ್ಲಿ ಮಾತಾಡಿ ಕಳಿಸಿದರಾಯಿತು.

"ನಂಬರ್ ಫೈಲಲ್ಲಿದೆಯಲ್ಲ, ಅದಕ್ಕೇ ಕಳಿಸು," ಎಂದರು ಮೇಷ್ಟ್ರು.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ಫೈಲಿನಲ್ಲಿ ರೋಗಿಯ ಹೆಸರಿನ ಪಕ್ಕ ಇರುವ ನಂಬರು ಹೆಚ್ಚಾಗಿ ರೋಗಿಯದಲ್ಲ, ಅವರಿಗಾಗಿ ಓಡಾಡುವವರದು. ದಿನಕ್ಕೆ ಎಂಟು ಫೈಲು ತಿರುವುವ ಇವಳಿಗೂ ಅದು ಗೊತ್ತಿತ್ತು. ಆದರೆ ಕಾಗದ ಪೂರ್ತಿ ಸುಟ್ಟಿತೋ, ಅರ್ಧ ಉಳಿಯಿತೋ ಎಂಬ ಚಿಂತೆಯಲ್ಲಿ ಮುಳುಗಿದ್ದವಳಿಗೆ ಫೈಲಿನ ಮರ್ಮ ಎಲ್ಲಿ ನೆನಪಾಗಬೇಕು?

ಮಗ ಲಿಫ್ಟ್ ಮೆಕ್ಯಾನಿಕ್. ಮರುದಿನ ಒಂದೂವರೆಗೆ ಅವನು ಒಂಬತ್ತು ಅಂತಸ್ತಿನ ಕಟ್ಟಡವೊಂದರ ಲಿಫ್ಟಿನ ನೆತ್ತಿಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು.

"ಮೇಷ್ಟ್ರೇ, ಕಾಗದ ಅರ್ಧ ಉಳೀತು! ಕೆಲಸದವಳು ನೀರು ಸುರಿದ್ಲು. ನಾನು ಕುಣಿದೆ, ಇವತ್ತಿನ ಮೂರನೇ ಹಾಸಿಗೆಯವರು ಬೈದ್ರು. ಆ ಚಿಕ್ಕತ್ತೆ ಮಾತ್ರ ರಾಕ್ಷಸಿ ಕಣ್ರೀ, ರಾಕ್ಷಸಿ..."

ಆರು ನಿಮಿಷ. ಅವನು ತುತ್ತು ಕೈಯಲ್ಲಿ ಹಿಡಿದೇ ಪೂರ್ತಿ ಕೇಳಿದ. ಅಪ್ಪನಿಗೆ ಸಂಜೆ ಕೇಳಿಸಬೇಕು ಎಂದುಕೊಂಡ. ಅಷ್ಟರಲ್ಲಿ ಇನ್ನೊಂದು ಸಂದೇಶ ಬಂತು: ಕೇಳಿದ್ರಾ?

ಕೇಳಿದ್ದೇನೋ ನಿಜ. "ಕೇಳಿದೆ" ಎಂದು ಬರೆದ. ಇದು ನಾನು, ಮೇಷ್ಟ್ರ ಮಗ ಎಂದು ಇನ್ನೊಂದು ಸಾಲು ಸೇರಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಸೇರಿಸಲಿಲ್ಲ. ಬದಲಿಗೆ, ಸ್ವಲ್ಪ ಹೊತ್ತು ಬಿಟ್ಟು, "ಚಿಕ್ಕತ್ತೆ ರಾಕ್ಷಸಿಯಲ್ಲ. ಆ ಮನೇಲಿ ಇಪ್ಪತ್ತು ವರ್ಷದಿಂದ ಅವಳ ಮಾತನ್ನ ಯಾರೂ ಕೇಳಿಲ್ಲ" ಎಂದು ಬರೆದ.

ಕಣ್ಣು ಕಾಣದಿದ್ದರೇನು, ಬಾಯಲ್ಲಿ ಹೇಳಿದ್ದನ್ನು ಫೋನೇ ಬರೆದುಕೊಳ್ಳುತ್ತದಲ್ಲ ಎಂದುಕೊಂಡ ಅವಳು ಆ ಸಾಲನ್ನು ಮೂರು ಸಲ ಓದಿದಳು. 'ಅಬ್ಬಾ ಮೇಷ್ಟ್ರೇ... ಎಷ್ಟು ಚೆನ್ನಾಗಿ ನೋಡ್ತೀರಿ ನೀವು!'

ಅಲ್ಲಿಂದ ಶುರುವಾಯಿತು. ಮಂಗಳವಾರ, ಗುರುವಾರ, ಶನಿವಾರ. ಮಗ ಪ್ರತಿ ಸಂಜೆ ಅಪ್ಪನಿಗೆ ಅವಳ ದನಿ ಕೇಳಿಸುತ್ತಿದ್ದ, ಉತ್ತರ ಬರೆದದ್ದನ್ನು ಮಾತ್ರ ಹೇಳುತ್ತಿರಲಿಲ್ಲ.

"ಈ ನಾಯಕ ಯಾಕೆ ಬಾಯೇ ಬಿಡಲ್ಲ ಮೇಷ್ಟ್ರೇ? ತಲೆ ಚಚ್ಕೊಳ್ಳೋ ಹಾಗಾಗುತ್ತೆ."

"ಕೆಲವರಿಗೆ ಮಾತು ಲಿಫ್ಟ್ ಇದ್ದ ಹಾಗೆ. ಗುಂಡಿ ಒತ್ತಿ ಸುಮಾರು ಹೊತ್ತು ಕಾಯಬೇಕು."

ಮಗನ ಕಸುಬಿನ ಗಾಳಿ ಅಪ್ಪನಿಗೂ ತಗುಲಿದೆ ಎಂದು ಅವಳು ನಕ್ಕಳು. ಒಂದು ದಿನ ಧಾರಾವಾಹಿ ಬಿಟ್ಟು ತನ್ನ ಕಥೆಯನ್ನೂ ಹೇಳಿದಳು. ಅವಳ ಮಾತಿನ ದೆಸೆಯಿಂದಲೇ ಎರಡು ಸಂಬಂಧ ತಪ್ಪಿಹೋಗಿತ್ತು. 'ಹುಡುಗಿ ಒಳ್ಳೆಯವಳೇ, ಬಾಯಿ ಜಾಸ್ತಿ' ಎಂದಿದ್ದರಂತೆ. ಮನೆಯಲ್ಲಿ ಅಕ್ಕ ದಿನಾ ಮಾತು ಬೆಳ್ಳಿ, ಮೌನ ಬಂಗಾರ ಎಂದು ಜಪ ಮಾಡುತ್ತಿದ್ದಳು. ಈ ವಾರ್ಡು ಬಿಟ್ಟರೆ ಅವಳು ಮನಸ್ಸು ಬಿಚ್ಚಿ ಮಾತಾಡುವ ಜಾಗ ಇನ್ನೊಂದಿರಲಿಲ್ಲ.

ಉತ್ತರ ಬಂತು: "ಆ ಮಾತು ನಿಂತರೆ ನಾಲ್ಕು ಜನಕ್ಕೆ ಮಧ್ಯಾಹ್ನವೇ ಆಗಲ್ಲ."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನದಲ್ಲಿ ಒಬ್ಬರಾದರೂ ಹೀಗೆ ಹೇಳಿದರಲ್ಲ!

ಇತ್ತ ಮಗ ಈಗ ಅಪ್ಪನನ್ನು ಕರೆದೊಯ್ಯಲು ಮೂರು ಗಂಟೆಗೆ ಬರುವ ಬದಲು ಎರಡೂವರೆಗೇ ಬಂದು ಕೂರುತ್ತಿದ್ದ. ಮಾತು ಮಾತ್ರ ಅಳೆದು ಸುರಿದು ನಾಲ್ಕು. ಅವಳು ನೋಡದವಳಂತೆ ಎಲ್ಲ ನೋಡುತ್ತಿದ್ದಳು. ಮತ್ತು ಒಂದು ಗುರುವಾರ, ನಾಯಕ ಮಾತಿಲ್ಲದೆ ನಾಯಕಿಯ ಮುರಿದ ಕಿಟಕಿ ರಿಪೇರಿ ಮಾಡಿಕೊಟ್ಟ ಎಪಿಸೋಡಿನ ದಿನ, ಅವಳ ಬಾಯಿ ಜಾರಿತು.

"ನಿಮ್ಮ ಮಗ ಇದಾರಲ್ಲ ಮೇಷ್ಟ್ರೇ... ಮುಖ ನೋಡಿದ್ರೆ ಬೀಗ ಹಾಕಿದ ಅಂಗಡಿ. ಆದ್ರೆ ನಿಮಗೆ ಚಳಿಯಾದಾಗ ಸಾಕ್ಸನ್ನ ಮೊದಲು ಅಂಗೈಲಿ ಉಜ್ಜಿ ಬೆಚ್ಚಗೆ ಮಾಡಿ ಹಾಕ್ತಾರೆ. ನೋಡ್ತಾ ನಿಂತುಬಿಡ್ತೀನಿ. ನನಗೆ... ಅವರು ಇಷ್ಟ. ಸುಮ್ನೆ ನಿಮ್ಮ ಹತ್ರ ಅಂದೆ. ಅವರಿಗೆ ಹೇಳಬೇಡಿ, ನಿಮ್ಮ ದಮ್ಮಯ್ಯ."

ಈ ಸಲ ಉತ್ತರಕ್ಕೆ ಒಂದು ಗಂಟೆ ಹಿಡಿಯಿತು. ಬಂದದ್ದು ಒಂದೇ ಪದ.

"ಹೇಳಲ್ಲ."

ಶುಕ್ರವಾರ ಅವಳು ಹಗುರಾದ ಮನಸ್ಸಿನಿಂದ ಮೇಷ್ಟ್ರ ಬಿ.ಪಿ. ಪಟ್ಟಿ ಕಟ್ಟುತ್ತ ಪಿಸುಗುಟ್ಟಿದಳು. "ನಿನ್ನೆ ಬರೆದ್ರಲ್ಲ, ಆ ಮಾತಿಗೆ ತಪ್ಪಬಾರದು ಮತ್ತೆ."

"ನಾನೇನು ಬರೆದೆ?"

"ಅದೇ... ಫೋನಲ್ಲಿ."

ಮೇಷ್ಟ್ರು ನಕ್ಕರು. "ನನಗೆ ಫೋನೆಲ್ಲಿದೆಯಮ್ಮ? ಅದು ಮಗನ ನಂಬರು. ಸಂಜೆ ಬಂದು ಕೇಳಿಸ್ತಾನೆ. ನಿನ್ನೆ ಯಾಕೋ ಅರ್ಧಕ್ಕೇ ನಿಲ್ಲಿಸಿಬಿಟ್ಟ."

ಅವಳ ಕೈಯಲ್ಲಿದ್ದ ಪಟ್ಟಿ ಕೆಳಗೆ ಬಿತ್ತು.  ಆ ದಿನ ನಾಯಕಿ ಮನೆ ಬಿಟ್ಟು ಹೊರಟಳು. ವಾರ್ಡಿನಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ, ಏಕೆಂದರೆ ಅವಳು ಆಡಲಿಲ್ಲ.

ಎರಡೂವರೆಗೆ ಬಂದವನನ್ನು ಅವಳು ಹೊರಗೆ ಕಾರಿಡಾರಿನಲ್ಲೇ ತಡೆದಳು.

"ಎಲ್ಲಾ ಕೇಳಿದ್ರಾ?"

ಅವನು ತಲೆ ತಗ್ಗಿಸಿದ. "ಕೇಳಿದೆ."

"ನಾನು ಅಪ್ಪನಂಥೋರ ಹತ್ರ ಮಾತಾಡ್ತಿದೀನಿ ಅಂದ್ಕೊಂಡಿದ್ದೆ. ಮನೇಲಿ ಹೇಳದ್ದನ್ನೂ ಹೇಳಿದೆ. ನೀವು ಲಿಫ್ಟಲ್ಲಿ ಕೂತು ಮಜಾ ತಗೊಂಡ್ರಿ."

"ಮಜಾ ಅಲ್ಲ... ನಾನು..."

"ನೀವು ಏನು? ಹೇಳಿ." ಅವಳು ಕಾದಳು. ಅವನ ತುಟಿ ಅಲುಗಿತು, ಮಾತು ಹೊರಡಲಿಲ್ಲ. "ಎಲ್ಲರೂ ಬಾಯಿ ಮುಚ್ಚು ಅಂತಿದ್ರು. ನಾನು ಮುಚ್ಚಿರಲಿಲ್ಲ. ಇವತ್ತು ನೀವು ಮುಚ್ಚಿಸಿದ್ರಿ."

ಮರುದಿನವೇ ಅವಳು ಬೆಳಗಿನ ಪಾಳಿ ಕೇಳಿ ಪಡೆದಳು. ಆರರಿಂದ ಹನ್ನೆರಡು. ಒಂದು ಗಂಟೆಗೆ ಮನೆಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಟೀವಿ ಹಾಕಲಿಲ್ಲ. ಅಕ್ಕ ಹಣೆ ಮುಟ್ಟಿ ಜ್ವರ ನೋಡಿದಳು.

'ಬಂಗಾರದಂಥ ಮೌನ ಅಂದ್ರೆ ಇದೇನಾ? ಹೀಗೆ ಎದೆ ಹಿಂಡುತ್ತಲ್ಲ...'

ಐದನೇ ದಿನ, ಬುಧವಾರ, ಒಂದೂವರೆಗೆ ಫೋನು ಗುಂಯ್‌ಗುಟ್ಟಿತು. ಅದೇ ನಂಬರು. ಈ ಸಲ ಬರಹವಲ್ಲ, ದನಿ.

"ಇದು ನಾನು. ಮೇಷ್ಟ್ರಲ್ಲ. ಅಪ್ಪನ ಪಕ್ಕ ಈಗ ನಾನೇ ಕೂತು ಹೇಳ್ತಿದೀನಿ. ಇವತ್ತು ಏನಾಯ್ತು ಅಂದ್ರೆ... ನಾಯಕಿ ಬಸ್ ಹತ್ತಿದಳು. ಬಸ್ಸು ನೀಲಿ ಬಣ್ಣದ್ದು. ಬಸ್ಸು ಹೊರಟಿತು. ನಾನು ಅಯ್ಯೋ ಅಂದೆ. ಅಷ್ಟೆ. ನಮಸ್ಕಾರ."

ಅವಳು ತಡೆದುಕೊಂಡಳು, ತಡೆದುಕೊಂಡಳು, ಕಡೆಗೆ ದಿಂಬಿಗೆ ಮುಖ ಒತ್ತಿ ನಕ್ಕುಬಿಟ್ಟಳು. 'ಬಸ್ಸು ನೀಲಿ ಬಣ್ಣದ್ದಂತೆ!'

ಮರುದಿನ ಎರಡನೇ ಹಾಸಿಗೆಯ ಟೈಲರಮ್ಮ ಫೋನು ಮಾಡಿದಳು. "ಬೇಗ ಬಾರೇ ತಾಯಿ. ಊಟದ ಬಿಡುವಲ್ಲಿ ಓಡಿ ಬಂದು ಕೂರ್ತಾನೆ ಆ ಹುಡುಗ. ಹವಾಮಾನ ವರದಿ ಓದಿದ ಹಾಗೆ ಓದ್ತಾನೆ. ನಿನ್ನೆ ನಾಯಕ ಅತ್ತ, ಇವನು 'ಕಣ್ಣಿಂದ ನೀರು ಬರ್ತಿದೆ' ಅಂದ."

ದನಿ ದಿನವೂ ಬಂತು. ಅವಳು ಉತ್ತರಿಸಲಿಲ್ಲ, ಆದರೆ ಒಂದನ್ನೂ ಬಿಡಲಿಲ್ಲ. ಆರನೆಯದು ಹೀಗಿತ್ತು:

"ಇವತ್ತು ಚಿಕ್ಕತ್ತೆ ತಪ್ಪು ಒಪ್ಪಿಕೊಂಡಳು. ಎಲ್ಲರ ಎದುರು. ನಾನೂ ಒಪ್ಪಿಕೊಳ್ತೀನಿ. ಮೊದಲ ದಿನವೇ ಯಾರು ಅಂತ ಹೇಳಬೇಕಿತ್ತು. ಹೇಳಿದ್ರೆ ನೀವು ನಿಲ್ಲಿಸಿಬಿಡ್ತೀರಿ ಅಂತ ಹೆದರಿದೆ. ನನ್ನ ಹತ್ರ ಯಾರೂ ಅಷ್ಟು ಮಾತಾಡಿಲ್ಲ. ನಾಳೆ ಕಡೇ ಎಪಿಸೋಡು. ಅಪ್ಪನಿಗೆ ನೀವು ಬೇಕು. ನನಗೆ... ನನಗೆ ಹೇಳೋ ಹಕ್ಕಿಲ್ಲ."

ಅವಳು ಅಂದು ಆ ದನಿಯನ್ನು ಎಷ್ಟು ಸಲ ಕೇಳಿದಳೆಂದು ನಾನು ಹೇಳುವುದಿಲ್ಲ, ಹೆಣ್ಣುಮಗಳ ಮಾನದ ಪ್ರಶ್ನೆ.

ಮರುದಿನ ಪಾಳಿ ಮುಗಿದರೂ ಅವಳು ಮನೆಗೆ ಹೋಗಲಿಲ್ಲ. ಒಂದು ಗಂಟೆಗೆ ವಾರ್ಡಿನ ಬಾಗಿಲ ಬಳಿ ಬಂದು ನಿಂತಳು. ಒಳಗೆ ಅವನು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದ.

"ನಾಯಕ ಬಸ್ ನಿಲ್ದಾಣಕ್ಕೆ ಬಂದ. ಅವಳು ಅಲ್ಲೇ ಇದಾಳೆ. ಜೇಬಿಂದ ಕಾಗದ ತೆಗೆದ. ಅರ್ಧ ಸುಟ್ಟಿದ್ದು. ಅವಳು ಅದನ್ನ ನೋಡಿ... ಅವಳು..."

ಅವನು ಸ್ಟೂಲಿನಿಂದ ಅರ್ಧ ಎದ್ದ.

"ಅವಳು ಏನೋ?" ಮೇಷ್ಟ್ರು ತಳಮಳಿಸಿದರು. "ಹೇಳೋ ಮಾರಾಯ, ಪ್ರಾಣ ಹೋಗ್ತಿದೆ ಇಲ್ಲಿ!"

ಅವನಿಗೆ ಆಗಲಿಲ್ಲ. ಟೀವಿಯಲ್ಲಿ ಸಂಗೀತ ಏರುತ್ತಿತ್ತು.

"ಅವಳು ಓಡಿ ಬಂದ್ಲು ಮೇಷ್ಟ್ರೇ!" ಬಾಗಿಲಿಂದ ದನಿ ಬಂತು. "ಚೀಲ ಎಸೆದು ಓಡಿ ಬಂದ್ಲು! ಕಾಗದ ಕಿತ್ಕೊಂಡ್ಲು, ಹರಿದು ಗಾಳಿಗೆ ತೂರಿದ್ಲು. 'ಬರೆದದ್ದು ಸಾಕು, ಬಾಯಲ್ಲಿ ಹೇಳು' ಅಂತಿದಾಳೆ... ಹೇಳಿದ! ಹೇಳಿಯೇಬಿಟ್ಟ!"

ವಾರ್ಡೇ ಎದ್ದು ಕುಣಿಯುವಂತಾಯಿತು. ಮೂರನೇ ಹಾಸಿಗೆಯ ಡ್ರೈವರಣ್ಣ ಕೊಳವೆಯಿಲ್ಲದ ಕೈಯಿಂದ ತೊಡೆ ತಟ್ಟಿದ. ಟೈಲರಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಮೇಷ್ಟ್ರು ಕಣ್ಣು ಮುಚ್ಚಿ ನಗುತ್ತಿದ್ದರು.

ಅವಳು ಕಾರಿಡಾರಿಗೆ ಹೊರಟಳು. ಅವನು ಹಿಂದೆಯೇ ಬಂದ.

"ನಾನು ಆ ದಿನ ಕಳಿಸಿದ್ದು... ಎಷ್ಟು ಸಲ ಕೇಳಿದ್ರಿ?" ಅವಳು ತಿರುಗದೆ ಕೇಳಿದಳು.

"ಹನ್ನೊಂದಾದ ಮೇಲೆ ಲೆಕ್ಕ ಬಿಟ್ಟೆ."

"ಮೇಷ್ಟ್ರ ಮಗ ಆಗಿ ಲೆಕ್ಕ ಬಿಡೋದಾ?"

ಅವನು ಉಸಿರು ಎಳೆದುಕೊಂಡ. "ನನಗೆ ನೀವು ಇಷ್ಟ. ನಿಮ್ಮ ಮಾತು ಪೂರ್ತಿ ಇಷ್ಟ. ಒಂದೂ ಕಮ್ಮಿ ಮಾಡಬೇಡಿ. ಇದನ್ನ ನಾನೇ ಹೇಳ್ತಿದೀನಿ, ನನ್ನ ಬಾಯಲ್ಲಿ."

ಅವಳು ತಿರುಗಿದಳು. ಹೇಳಲು ನೂರು ಮಾತಿತ್ತು. ಒಂದೂ ಹೊರಡಲಿಲ್ಲ.

"ಹೊರಗೆ ಏನಾಗ್ತಿದೆ?" ಒಳಗಿಂದ ಮೇಷ್ಟ್ರು ಕೂಗಿದರು. "ನನಗೆ ಕಾಣಲ್ಲ, ಯಾರಾದ್ರೂ ಹೇಳ್ರಪ್ಪ."

ಬಾಗಿಲಿಗೆ ಎದುರಾಗಿ ಮಲಗಿದ್ದ ಟೈಲರಮ್ಮ ಕತ್ತು ಚಾಚಿದಳು. "ಹುಡುಗ ಏನೋ ಹೇಳ್ದ ಮೇಷ್ಟ್ರೇ. ಇವಳು ಕಂಬದ ಹಾಗೆ ನಿಂತಿದಾಳೆ. ಅಯ್ಯೋ, ಅಳ್ತಿದಾಳೆ... ಇಲ್ಲ, ನಗ್ತಿದಾಳೆ... ಕೈ ಹಿಡ್ಕೊಂಡ್ಲು!"

"ಬಾಯಲ್ಲಿ ಏನಂದ್ಲು?"

ಅವಳು ಆ ಗ್ರೀಸಿನ ಕೈಯನ್ನು ಬಿಡದೆಯೇ ಬಾಗಿಲ ಕಡೆ ಮುಖ ಮಾಡಿದಳು.

"ಅವಳು ಒಪ್ಕೊಂಡ್ಲು ಮೇಷ್ಟ್ರೇ."

"ಯಾರಮ್ಮ?"

"ನಾನು."

ಪಕ್ಕದಲ್ಲಿ ನಿಂತವನು ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದ. "ಇನ್ನೊಂದು ಸಲ ಹೇಳಿ. ಈ ಸಲ ನನಗೆ."