ನಿಲ್ಲಿಸಿದ ಮೇಲೂ ಏರಿದ ಬಿಸಿ

ಊಟ ಮುಗಿಸಿ ಬಂದ ಟೆಸ್ಟರ್ ಹುಡುಗಿ ಪ್ರಯೋಗದ ಕೋಣೆಯ ಬಾಗಿಲು ತೆಗೆದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡಲು ನಮ್ಮ ಕಂಪನಿ ತಯಾರಿಸುವ ಗಾಜಿನ ಪೆಟ್ಟಿಗೆ ಮೇಜಿನ ಮೇಲಿತ್ತು. ಪರೀಕ್ಷೆಗೆಂದು ಅದರೊಳಗೆ ಮಲಗಿಸಿದ್ದ ಗೊಂಬೆಯ ಕೆನ್ನೆ ಕರಗಿ ಹಾಸಿಗೆಗೆ ಅಂಟಿಕೊಂಡಿತ್ತು.

ವಾಸನೆಗೆ ಓಡಿಬಂದ ಕಂಪನಿಯ ಯಜಮಾನರು ಅವಳ ಕಡೆ ತಿರುಗಿದರು. "ಇದು ನಿನ್ನದೇ ಕೆಲಸ. ಪೆಟ್ಟಿಗೆ ಇನ್ನೂ ಸಿದ್ಧವಾಗಿಲ್ಲ ಅಂತ ಹಟ ಹಿಡಿದಿದ್ದೆ. ಹೋದ ವಾರ ನಿನ್ನ ಮಾತು ಕೇಳದೆ ಒಂದನ್ನು ಆಸ್ಪತ್ರೆಗೆ ಕಳಿಸಿದೆ ಅಂತ ಹೊಟ್ಟೆ ಉರಿ. ಈ ಕೋಣೆಯ ಕೀಲಿ ಇರೋದು ನಿನ್ನ ಹತ್ತಿರ, ಪ್ರೋಗ್ರಾಮು ಬರೆದ ನನ್ನ ಅಳಿಯನ ಹತ್ತಿರ. ಅವನು ಯಾಕೆ ಮನೆ ಹಾಳು ಮಾಡ್ಕೋತಾನೆ? ಪೊಲೀಸರಿಗೆ ದೂರು ಕೊಡ್ತೀನಿ."

ಹುಡುಗಿ ನೇರ ನಮ್ಮ ಮೇಜಿಗೆ ಬಂದಳು. ನಾನು ಕೂರುತ್ತಿದ್ದುದು ತನಿಖಕ್ಕನ ಪಕ್ಕದಲ್ಲಿ. ಪ್ರೋಗ್ರಾಮುಗಳ ತಪ್ಪು ಪತ್ತೆಹಚ್ಚುವುದರಲ್ಲಿ ಎತ್ತಿದ ಕೈ ಎಂದು ಕಚೇರಿಯವರೇ ಆಕೆಗೆ ಇಟ್ಟಿದ್ದ ಹೆಸರು ಅದು.

"ಅಕ್ಕಾ, ನಾನು ಊಟಕ್ಕೆ ಹೋಗುವಾಗ ಹೀಟರ್ ಆಫ್ ಆಗಿತ್ತು. ಪ್ರೋಗ್ರಾಮು ಬರೆಯೋ ಎಡಿಟರ್‌ನಲ್ಲಿ ನನ್ನ ಫೈಲು ತೆರೆದೇ ಇತ್ತು."

ನಾವು ಕೋಣೆಗೆ ಹೋದಾಗ ಅಳಿಯ ಅಲ್ಲೇ ನಿಂತಿದ್ದ. "ಕನ್ನಡಕ ಮರೆತಿದ್ದೆ, ಅದಕ್ಕೆ ಒಮ್ಮೆ ಬಂದಿದ್ದೆ," ಎಂದ. "ಆಗ ಪರದೆ ಖಾಲಿ. ಏನೂ ಓಡ್ತಿರಲಿಲ್ಲ."

ತನಿಖಕ್ಕ ಕಂಪ್ಯೂಟರಿನ ಮೇಲೆ ಅಂಗೈ ಇಟ್ಟಳು. ಅದು ಸುಡುತ್ತಿತ್ತು, ಫ್ಯಾನು ಏದುಸಿರು ಬಿಡುತ್ತಿತ್ತು. ಅಷ್ಟರಲ್ಲಿ ಪೆಟ್ಟಿಗೆಯ ಹೀಟರಿನ ಕೆಂಪು ದೀಪ ಮತ್ತೆ ಹೊತ್ತಿತು. ಯಾರೂ ಏನನ್ನೂ ಮುಟ್ಟಿರಲಿಲ್ಲ. ಆಕೆ ಹೀಟರಿನ ತಂತಿ ಕಿತ್ತು, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ಪರದೆಗೆ ತಂದಳು. ಪೈಥಾನ್ ಭಾಷೆಯಲ್ಲಿ ಬರೆದ ನಾಲ್ಕು ಪ್ರೋಗ್ರಾಮುಗಳು ಇನ್ನೂ ಜೀವಂತವಾಗಿದ್ದವು.

"ನೀನು ಟೆಸ್ಟುಗಳನ್ನ ಹೇಗೆ ಓಡಿಸ್ತೀಯಾ?"

"ಒಂದೊಂದೇ ಅಕ್ಕಾ." ಅವಳು ಅಳಿಯನ ಕಡೆ ನೋಡಿದಳು. " ನಾಲ್ಕನ್ನು ಒಟ್ಟಿಗೆ ಓಡಿಸಿದರೆ ಬೇಗ ಮುಗಿಯುತ್ತೆ ಅಂತ ಹೇಳೋದು ಇವರು. ನನಗದು ಸರಿಬರಲಿಲ್ಲ."

ತನಿಖಕ್ಕ ಎಲ್ಲರನ್ನೂ ಕರೆಸಿದಳು. ಹೀಟರಿನ ಜಾಗಕ್ಕೆ ಒಂದು ಬಲ್ಬು ಸಿಕ್ಕಿಸಿ, "ನಿಮ್ಮ ಪದ್ಧತಿಯಲ್ಲೇ ಓಡಿಸಿ," ಎಂದು ಅಳಿಯನಿಗೆ ಹೇಳಿದಳು. ಟೆಸ್ಟು ಸ್ವಲ್ಪ ದೂರ ಹೋಗಿ ಅಲುಗಾಡದೆ ನಿಂತಿತು. ಅವನು ಎಡಿಟರ್‌ನ ಸ್ಟಾಪ್ ಗುಂಡಿ ಒತ್ತಿದ. ನಿಂತಿತು ಎಂದು ಪರದೆ ಹೇಳಿತು. ಎಡಿಟರನ್ನೇ ಮುಚ್ಚಿದ. ಬಲ್ಬು ಮಾತ್ರ ಉರಿಯುತ್ತಲೇ ಇತ್ತು.

"ತಾಯಿ ಪ್ರೋಗ್ರಾಮು ನಾಲ್ಕು ಮರಿಗಳನ್ನ ಹುಟ್ಟಿಸುತ್ತೆ," ಎಂದಳು ತನಿಖಕ್ಕ. "ಮರಿಗಳು ಮುಗಿಸಲಿ ಅಂತ ತಾಯಿ ಕಾಯ್ತಾಳೆ. ತಮ್ಮ ಕೈಲಿರೋ ಫಲಿತಾಂಶ ತಾಯಿ ತಗೊಳ್ಳಲಿ ಅಂತ ಮರಿಗಳು ಕಾಯ್ತವೆ. ಅದಕ್ಕೇ ಟೆಸ್ಟು ಸಿಕ್ಕಿಹಾಕಿಕೊಳ್ಳುತ್ತೆ. ಇಲ್ಲಿ ಸ್ಟಾಪ್ ಒತ್ತಿದರೆ ಸಾಯೋದು ತಾಯಿ ಮಾತ್ರ. ಹೀಟರ್ ಹಿಡಿದ ಮರಿಗೆ ಅದು ಗೊತ್ತೇ ಆಗಲ್ಲ. ಇಡೀ ಗುಂಪನ್ನೇ ನಿಲ್ಲಿಸಬೇಕು. ತಾಯಿ ಇಲ್ಲವಾದರೆ ಹೀಟರ್ ಆರಿಸಿ ತಾನೂ ಮುಗಿಯಬೇಕು ಅಂತ ಮರಿಗೆ ಮೊದಲೇ ಕಲಿಸಿರಬೇಕು. ಇವಳು ತೆರೆದಿಟ್ಟು ಹೋದ ಪರದೆ ನಿಮಗೆ ಖಾಲಿ ಕಂಡಿದ್ದು ಹೇಗೆ? ಇನ್ನೊಂದು ಕೀಲಿ ಇರೋದು ನಿಮ್ಮ ಹತ್ತಿರ ತಾನೇ?"

ಅಳಿಯ ತಲೆ ತಗ್ಗಿಸಿದ. "ಬೇಗ ಮುಗಿಯಲಿ ಅಂತ ನಾನೇ ಟೆಸ್ಟು ಓಡಿಸಿದೆ. ಸಿಕ್ಕಿಹಾಕಿಕೊಂಡಾಗ ಎಡಿಟರ್ ಮುಚ್ಚಿ, ನಿಂತಿದೆ ಅಂದ್ಕೊಂಡು ಹೋದೆ. ಗೊಂಬೆ ನೋಡಿದ ಮೇಲೆ ಅರ್ಥವಾಯ್ತು. ಬಾಯಿ ಬಿಡೋಕೆ ಭಯವಾಯ್ತು."

"ಅವಳನ್ನ ಜೈಲಿಗೆ ಕಳಿಸೋಕೆ ಭಯವಾಗಲಿಲ್ಲ," ಎಂದಳು ತನಿಖಕ್ಕ. ಆಮೇಲೆ ದನಿ ತಗ್ಗಿತು. "ಆಸ್ಪತ್ರೆಗೆ ಹೋದ ಪೆಟ್ಟಿಗೆಯಲ್ಲೂ ಹೀಟರ್ ನಡೆಸೋದು ಇದೇ ಮರಿಯಾ?"

ಅಳಿಯ ಹೌದೆಂದು ತಲೆಯಾಡಿಸಿದ.

ಯಜಮಾನರು ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅತ್ತ ಕಡೆಯ ನರ್ಸಿನ ದನಿಯಲ್ಲಿ ಯಾವ ಆತಂಕವೂ ಇರಲಿಲ್ಲ. "ಮಗು ಅಮ್ಮನ ತೊಡೆ ಮೇಲಿದೆ ಸರ್, ಹಾಲು ಕುಡೀತಿದೆ. ಮಗು ತೆಗೆಯುವಾಗಲೇ ಪೆಟ್ಟಿಗೆ ನಿಲ್ಲಿಸಿದ್ದೀನಿ. ಇನ್ನೇನು ಮತ್ತೆ ಅದರಲ್ಲಿ ಮಲಗಿಸಬೇಕು."

"ಒಳಗೆ ಕೈ ಇಟ್ಟು ನೋಡಿ," ಎಂದಳು ತನಿಖಕ್ಕ.

ನರ್ಸ್ ಪೆಟ್ಟಿಗೆಯ ಬಾಗಿಲು ತೆರೆದ ಸದ್ದು ಫೋನಿನಲ್ಲಿ ಕೇಳಿಸಿತು.

"ಇದು ಕೈ ಸುಡ್ತಿದೆ."

ಟೆಸ್ಟರ್ ಹುಡುಗಿ ಯಜಮಾನರ ಕೈಯಿಂದ ಫೋನು ತೆಗೆದುಕೊಂಡಳು. "ಪ್ಲಗ್ ಕೀಳಿ ಸಿಸ್ಟರ್. ಮಗುವನ್ನ ಅದರ ಹತ್ತಿರಕ್ಕೂ ತರಬೇಡಿ. ನಾನೀಗಲೇ ಹೊರಟೆ."

ಈ ಸಲ ಯಜಮಾನರು ಅವಳ ಮಾತು ಕೇಳಿ, ತಾವೇ ಬಾಗಿಲು ತೆರೆದು ದಾರಿ ಬಿಟ್ಟರು.