ತೋಂಗಿಯಾನ ಪಕ್ಕದ ಕುರ್ಚಿ

"ನನ್ನ ಪಕ್ಕ ಇನ್ನೊಂದು ಕುರ್ಚಿ ಹಾಕು ತಿವಾ," ಅಂದ ತೋಂಗಿಯಾ. ತೆಂಗಿನ ಗರಿ ಸೀಳುತ್ತಿದ್ದ, ತಲೆ ಎತ್ತಲಿಲ್ಲ.

ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. "ಯಾರಿಗೆ?"

"ಬರೋರಿಗೆ."

"ಬರೋರು ಅಂದ್ರೆ? ಹೆಸರು ಇಲ್ವಾ ಅವರಿಗೆ?"

"ಇದೆ."

ಆಮೇಲೆ ಆ ನಗು. ತುಟಿಯ ಎಡಗಡೆ ಮಾತ್ರ ಮೇಲೇಳುವ ನಗು. ಸ್ಕೂಲಿನಲ್ಲಿ ನನ್ನ ಬೆಂಚಿನ ಪಕ್ಕ ಕೂತು ನಗುತ್ತಿದ್ದನಲ್ಲ, ಅದೇ. ಅದನ್ನು ಕಂಡರೆ ಈಗಲೂ ಕೈಯಲ್ಲಿರುವ ಕೆಲಸ ಮರೆತುಹೋಗುತ್ತದೆ. ಮೂವತ್ತು ದಾಟಿದ ಹೆಂಗಸಿಗೆ ಇದೆಲ್ಲ ಬೇಕಿತ್ತಾ ಅಂತ ನನ್ನನ್ನೇ ಬೈದುಕೊಂಡೆ.

ತಂಗಿ ಲೋಸೆಯ ಮದುವೆ ಆ ಶನಿವಾರ. ಅವಳು ಆಕ್ಲೆಂಡಿನಿಂದ ದಿನಾ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದಳು. "ಅಕ್ಕಾ, ರಿಸೆಪ್ಶನ್‌ಗೆ ಎಷ್ಟು ಟೇಬಲ್ಲು? ಪ್ರತಿ ಟೇಬಲ್ ನಡುವೆ ಒಂದೇ ಥರದ ಹೂಬುಟ್ಟಿ ಇರ್ಬೇಕು. ಎಷ್ಟು ಮಾಡ್ತಿದ್ದೀಯ?"

ಎಷ್ಟು ಅಂತ ಹೇಳಲಿ? ನಮ್ಮ ನಿಯುವೆ ದ್ವೀಪದಲ್ಲಿ ಮದುವೆಗೆ ಬರುತ್ತೀರಾ ಅಂತ ಯಾರನ್ನಾದರೂ ಕೇಳಿ ನೋಡಿ, ಸಾಯುವ ತನಕ ಆಡಿಕೊಳ್ಳುತ್ತಾರೆ. 'ಬರುತ್ತೇನೆ, ಬರುವುದಿಲ್ಲ' ಅಂತ ಗುರುತು ಹಾಕಿ ಕಳಿಸಲು ಲೋಸೆ ಚೆಂದದ ಕಾರ್ಡು ಹಂಚಿಸಿದ್ದಳು. ಪಾತಿ ಅತ್ತೆ ತಮ್ಮದನ್ನು ಮಡಚಿ ಅಲುಗಾಡುವ ಮೇಜಿನ ಕಾಲಡಿಗೆ ಕೊಟ್ಟರು. "ಸ್ವಂತ ಅಣ್ಣನ ಮಗಳ ಮದುವೆಗೆ ಬರೋಕೆ ಅರ್ಜಿ ಹಾಕ್ಬೇಕೇನೇ ನಾನು?" ಅಂದರು.

ಇನ್ನು ವಿಮಾನದವರು. ನಡುವೆ ಸಮುದ್ರದಲ್ಲಿ ತಾರೀಕು ಬದಲಾಗುವ ಗೆರೆ ಇದೆಯಲ್ಲ, ಆಕ್ಲೆಂಡಿನಲ್ಲಿ ಶನಿವಾರ ಹತ್ತಿದವರು ನಮ್ಮಲ್ಲಿ ಶುಕ್ರವಾರ ಇಳಿಯುತ್ತಾರೆ. ನಾಳೆ ಹೊರಟು ಇವತ್ತು ಬರುವ ಜನರನ್ನು ಯಾವ ಬೆರಳಲ್ಲಿ ಎಣಿಸುವುದು?

ದಾರಿ ತೋರಿಸಿದವನು ತೋಂಗಿಯಾನೇ. "ಬುಟ್ಟಿ ಯಾಕೆ? ಟೇಬಲ್‌ಗಳನ್ನ ಒಂದಕ್ಕೊಂದು ಸೇರಿಸಿ ಇಡೋಣ. ನಡುವೆ ಗರೀದು ಒಂದೇ ಉದ್ದ ಜಡೆ ಹಾಯಿಸೋಣ. ಜನ ಜಾಸ್ತಿ ಆದ್ರೆ ಟೇಬಲ್ ಸೇರಿಸು, ಜಡೆ ಬೆಳೆಸು. ಹೂವು ಅವತ್ತು ಬೆಳಿಗ್ಗೆ ಸಿಕ್ಕಿಸಿದ್ರಾಯ್ತು."

"ಮೀನು ಹಿಡಿಯೋನಿಗೆ ಎಲ್ಲಾನೂ ಹಗ್ಗವೇ," ಅಂದೆ.

"ಹಿಡಿದ ಮೀನು ತಿನ್ನೋವಾಗ ಈ ಮಾತು ಬರಲ್ಲ ನಿನಗೆ!"

ಹಾಗೆ ಊರಿನ ಹಾಲ್‌ನಲ್ಲಿ ಕೆಲಸ ಶುರುವಾಯಿತು. ಅವನು ಸಮುದ್ರದ ಕಡೆ ಬಾಗಿಲಿನಿಂದ ಹೆಣೆದುಕೊಂಡು ಬಂದ, ನಾನು ರಸ್ತೆ ಕಡೆಯಿಂದ. ಅವನ ಕೈಗಳನ್ನು ಕದ್ದು ಕದ್ದು ನೋಡುತ್ತಿದ್ದೆ. ಹವಳದ ಬಂಡೆ ತರಚಿದ ಗಾಯಗಳ ಒರಟು ಕೈ. ಆದರೆ ಗರಿ ಹಿಡಿದರೆ, ನಿದ್ದೆ ಮಾಡುವ ಮಗುವಿನ ಕೂದಲು ಬಾಚುತ್ತಿದ್ದಾನೆ ಅನ್ನಬೇಕು. ಅಷ್ಟು ಮೆತ್ತಗೆ. ದೇವರೇ, ಈ ಕೈಗೆ ಇದನ್ನೆಲ್ಲ ಯಾರು ಕಲಿಸಿದರು ಅಂತ ಬೆರಗಾಗುತ್ತಿತ್ತು. ಮರುಕ್ಷಣ ಆ ಕುರ್ಚಿ ನೆನಪಾಗಿ ಮೈಯೆಲ್ಲ ಉರಿಯುತ್ತಿತ್ತು. ಯಾವಳೋ ಬರುತ್ತಾಳೆ. ಇವನ ಪಕ್ಕ ಕೂರುತ್ತಾಳೆ. ನಾನೇ ಅವಳ ಮುಂದೆ ತಟ್ಟೆ ಇಡಬೇಕು.

"ನಿನ್ನ ಕಡೆ ಜಡೆ ಯಾಕೆ ಇಷ್ಟು ಬಿಗಿ?" ಅಂತ ಬಂದು ಮುಟ್ಟಿ ನೋಡಿದ. "ಯಾರ ಕುತ್ತಿಗೆ ಅಂದ್ಕೊಂಡು ಹೆಣೀತಿದ್ದೀಯ?"

"ನಿಂದೇ."

"ಹಾಗಾದ್ರೆ ಸರಿ," ಅಂದು, ಸಮಾಧಾನವಾದವನ ಹಾಗೆ ವಾಪಸು ಹೋದ. ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ?

ಶುಕ್ರವಾರ ವಿಮಾನ ಬಂತು. ನಾನು ತಂಗಿಯನ್ನು ಅಪ್ಪಿಕೊಂಡೇ ಅವಳ ಹೆಗಲ ಮೇಲಿಂದ ಇಳಿಯುವ ಹೆಂಗಸರನ್ನೆಲ್ಲ ತೂಗಿ ನೋಡಿದೆ. ಹಳದಿ ಬಟ್ಟೆಯವಳೊಬ್ಬಳು ತೋಂಗಿಯಾನನ್ನು ಕಂಡು ಕಿರುಚಿಕೊಂಡು ಓಡಿ ಬಂದು ಅವನ ಕೆನ್ನೆ ಹಿಂಡಿದಳು. ಅವನು ಅವಳ ಪೆಟ್ಟಿಗೆ ಹೊತ್ತುಕೊಂಡು ಹೊರಟ. ಓಹೋ, ಇವಳೇ ಅಂದುಕೊಂಡೆ. ಚೆಲುವೆ ಬೇರೆ, ಹಾಳಾದವಳು.

ಶನಿವಾರ ಬೆಳಿಗ್ಗೆ ಇಬ್ಬರೂ ಹೂವು ಸಿಕ್ಕಿಸಿದೆವು. ಬಿಳಿ ದೇವಕಣಗಿಲೆ, ನಡುನಡುವೆ ಕೆಂಪು ಶುಂಠಿ ಹೂವು. ಅವನ ತುದಿಯೂ ನನ್ನ ತುದಿಯೂ ಹಾಲ್‌ನ ನಡುವೆ ಸೇರಿದಾಗ ಗಂಟು ಹಾಕಿದ್ದು ಅವನು; ಜಾರದ ಹಾಗೆ ಬೆರಳಿಟ್ಟು ಒತ್ತಿ ಹಿಡಿದದ್ದು ನಾನು. ಆಮೇಲೆ ತಿರುಗಿ ನೋಡಿದೆವು. ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಹೂವಿನ ಜಡೆ, ಅದರಾಚೆ ಬರೀ ಸಮುದ್ರ. ನಮ್ಮಿಬ್ಬರ ಕೈ ಇದನ್ನು ಮಾಡಿತಾ ಅಂತ ನನಗೆ ನಂಬಿಕೆಯೇ ಬರಲಿಲ್ಲ. ಅವಳು ಯಾರು ಅಂತ ಕೇಳಿಬಿಡಬೇಕು ಅನ್ನಿಸಿತು. ಆದರೆ ಕೇಳಲಿಲ್ಲ. ಹೆಸರು ಕೇಳಿದ ಮೇಲೆ ದಿನವಿಡೀ ನಗುತ್ತಾ ಬಡಿಸುವ ಶಕ್ತಿ ನನಗಿರಲಿಲ್ಲ.

ಜನ ಬಂದರು ನೋಡಿ! ಟೇಬಲ್‌ಗಳು ಬಾಗಿಲು ದಾಟಿ ಹುಲ್ಲಿನ ಮೇಲೆ ಹೋದವು. ಉಳಿದ ಗರಿಯೆಲ್ಲ ಹೆಣೆದು ಜಡೆಯನ್ನೂ ಅವುಗಳ ಹಿಂದೆಯೇ ಬೆಳೆಸಿದೆವು. ಕುರ್ಚಿ ಸಾಲಲಿಲ್ಲ, ಚರ್ಚಿನ ಬೆಂಚು ಹೊತ್ತು ತಂದರು. ಅಷ್ಟರಲ್ಲೂ ತೋಂಗಿಯಾನ ಪಕ್ಕದ ಕುರ್ಚಿ ಖಾಲಿ. ಅದರ ಮೇಲೆ ಅವನ ಟೋಪಿ.

ಹಳದಿ ಬಟ್ಟೆಯವಳು ದೂರದಲ್ಲಿ ಗಂಡನ ಪಕ್ಕ ಕೂತು ಏಡಿ ಒಡೆಯುತ್ತಿದ್ದಳು. ಅವಳು ತೋಂಗಿಯಾನ ಚಿಕ್ಕಪ್ಪನ ಮಗಳಂತೆ. ಹಾಗಾದರೆ ಯಾರಪ್ಪಾ ಇನ್ನೊಬ್ಬಳು?

"ಲೋ, ಆ ಟೋಪಿ ತೆಗಿ," ಅಂತ ಪಾತಿ ಅತ್ತೆ ಗದರಿದರು. "ಪಾದ್ರಿಯವರ ಅತ್ತಿಗೆ ನಿಂತಿದಾರೆ, ಕಣ್ಣು ಕಾಣಲ್ವಾ?"

"ಅವರಿಗೆ ನನ್ನ ಕುರ್ಚಿ ಕೊಡ್ತೀನಿ ಅತ್ತೆ. ಇದನ್ನ ಕೊಡಲ್ಲ." ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ಖಾಲಿ ಕುರ್ಚಿಯ ಬೆನ್ನು ಹಿಡಿದು, ಕಾವಲುಗಾರನ ಹಾಗೆ ನಿಂತ. ಊರೆಲ್ಲ ಗುಸುಗುಸು. ಅವನನ್ನೇ ನೋಡುತ್ತಾ ನಾನು ಬಡಿಸಿದ ಕೆಸುವಿನ ಗಡ್ಡೆ ಯಾರದೋ ಮಡಿಲಿಗೆ ಬಿತ್ತು.

ಆಗಲೇ ಬಂಡೆಯಂಚಿನಿಂದ ಯಾರೋ ಕೂಗಿದರು. "ತಿಮಿಂಗಿಲ! ಮರಿ ಜೊತೆಗಿದೆ!"

ಎಲ್ಲರೂ ಎದ್ದು ಓಡಿದರು. ಲೋಸೆ ಬಿಳಿ ಗೌನನ್ನು ಮಂಡಿವರೆಗೆ ಎತ್ತಿಕೊಂಡು, ಗಂಡ ಅವಳ ಚಪ್ಪಲಿ ಹಿಡಿದುಕೊಂಡು, ಪಾತಿ ಅತ್ತೆ ಕೈಯಲ್ಲಿದ್ದ ಕೋಳಿಕಾಲನ್ನೂ ಬಿಡದೆ. ಬಾಗಿಲಿನಾಚೆ, ಬಂಡೆಯ ಬುಡದಲ್ಲೇ, ಕಪ್ಪು ಬೆನ್ನೊಂದು ನಿಧಾನವಾಗಿ ಮೇಲೆದ್ದಿತು. ಪಕ್ಕದಲ್ಲಿ ಪುಟ್ಟದೊಂದು. ಅದು ಉಸಿರು ಬಿಟ್ಟ ಸದ್ದು ನನ್ನ ಎದೆಯೊಳಗೆ ಕೇಳಿಸಿತು. ಚಿಕ್ಕಂದಿನಿಂದ ನೋಡುತ್ತಿದ್ದೇನೆ, ಆದರೂ ಪ್ರತಿ ಸಲ ಕಣ್ಣು ತುಂಬುತ್ತದೆ. ಅಷ್ಟು ದೊಡ್ಡ ಜೀವ, ಅಷ್ಟು ಮೆಲ್ಲಗೆ, ಮಗುವಿಗೆ ತಾಗದ ಹಾಗೆ ತಿರುಗುತ್ತದಲ್ಲ!

ನಾನು ಸೌಟು ಹಿಡಿದು ಅಲ್ಲೇ ನಿಂತಿದ್ದೆ. ನೊಣ ಓಡಿಸಲು ಯಾರಾದರೂ ಇರಬೇಕಲ್ಲ. ನೋಡಿದರೆ ತೋಂಗಿಯಾನೂ ಹೋಗಿರಲಿಲ್ಲ.

"ಯಾಕೋ, ಅವಳಿಗೆ ವಿಮಾನ ತಪ್ಪಿತಾ?" ಅಂದೆ.

"ಅವಳು ಇಲ್ಲೇ ಇದಾಳೆ. ಕೈಯಲ್ಲಿ ಸೌಟು ಹಿಡ್ಕೊಂಡಿದಾಳೆ."

ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ನಿನ್ನ ಅಣ್ಣನ ಮದುವೆ, ನನ್ನ ಅಕ್ಕನ ಮದುವೆ, ಪಾದ್ರಿಯವರ ಮಗಳದ್ದು," ಅಂದ. "ಒಂದರಲ್ಲೂ ನೀನು ಕೂತು ಉಂಡಿದ್ದು ನೋಡಿಲ್ಲ ನಾನು. ಎಲ್ಲರದ್ದೂ ಆದ್ಮೇಲೆ ಒಲೆ ಹತ್ರ ನಿಂತ್ಕೊಂಡು ತಣ್ಣಗಾಗಿದ್ದು ತಿಂತೀಯ. ಇಷ್ಟು ದಿನ ಊರಿಗೆಲ್ಲ ಜಾಗ ಲೆಕ್ಕ ಹಾಕಿದ್ಯಲ್ಲ ತಿವಾ, ನಿನ್ನನ್ನ ಸೇರಿಸ್ಕೊಂಡಿದ್ಯಾ?"

ಸೇರಿಸಿಕೊಂಡಿರಲಿಲ್ಲ. ನೆನಪೇ ಆಗಿರಲಿಲ್ಲ. ನಾನು ಯಾರ ಕಣ್ಣಿಗೂ ಬೀಳುವುದಿಲ್ಲ ಅಂದುಕೊಂಡಿದ್ದ ವರ್ಷಗಳಲ್ಲೆಲ್ಲ ಒಬ್ಬ ಮನುಷ್ಯ ನನ್ನನ್ನು ನೋಡುತ್ತಾ ಇದ್ದ. ತಿಮಿಂಗಿಲಕ್ಕಿಂತ ದೊಡ್ಡ ಆಶ್ಚರ್ಯ ಅದು.

"ಮೊದಲೇ ಬಾಯಿ ಬಿಡೋದಲ್ವೇನೋ ಕತ್ತೆ?"

"ಹೇಳಿದ್ರೆ ನೀನು ಈ ಕುರ್ಚೀನ ಮೊದಲು ಬಂದವರಿಗೇ ಕೊಟ್ಬಿಡ್ತಿದ್ದೆ." ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಈಗ ನಗುತ್ತಿರಲಿಲ್ಲ. "ಬರೀ ಇವತ್ತಿಗೆ ಅಲ್ಲ ಕಣೇ. ದಿನಾ ನನ್ನ ಪಕ್ಕ ಕೂತು ಉಣ್ಣು. ನನಗೆ ನೀನು ಬೇಕು."

ನಾನು ಕೂತೆ. ಅಳುತ್ತಲೇ ಕೂತೆ. ಅವನು ಬಿಸಿ ಕೆಸುವಿನ ಗಡ್ಡೆ, ತೆಂಗಿನಹಾಲಿನ ಮೀನು ತಂದು ನನ್ನ ಮುಂದಿಟ್ಟ. "ಹೂಂ," ಅಂದೆ. "ಉಣ್ತೀನಿ, ದಿನಾ."

ಅಷ್ಟರಲ್ಲಿ ಜನ ವಾಪಸು ಬಂದರು. ಪಾತಿ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. "ಏನೇ ಇದು, ಕೂತ್ಬಿಟ್ಟಿದ್ದೀಯ? ಇನ್ನು ಬಡಿಸೋರು ಯಾರು?"

ಅಭ್ಯಾಸ ನೋಡಿ, ಮಂಡಿ ತಾನಾಗೇ ಏಳಲು ಹೊರಟಿತು. ತೋಂಗಿಯಾ ತಡೆಯಲಿಲ್ಲ, ಸುಮ್ಮನೆ ನನ್ನನ್ನೇ ನೋಡಿದ.

"ಗೊತ್ತಿಲ್ಲ ಅತ್ತೆ," ಅಂದೆ. "ನಾನು ಊಟಕ್ಕೆ ಕೂತಿದ್ದೀನಿ."

ಪಾತಿ ಅತ್ತೆ ನನ್ನನ್ನು ನೋಡಿದರು, ಅವನನ್ನು ನೋಡಿದರು. ಕೋಳಿಕಾಲನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು ಬಂದು, ನನ್ನ ಕೈಯಿಂದ ಸೌಟು ಕಿತ್ತುಕೊಂಡು ನನ್ನ ತಟ್ಟೆಗೇ ಮೊದಲು ಬಡಿಸಿದರು.